ಟೆಸ್ಟೊಸ್ಟೆರಾನ್ ರಿಪೋರ್ಟ್: ಅಂಕಿ ಓದುವ ಮೊದಲು ಗಡಿಯಾರ ನೋಡಿ

ಟೆಸ್ಟೊಸ್ಟೆರಾನ್ 238. ಪಕ್ಕದಲ್ಲಿ ಕೆಳಮುಖದ ಬಾಣ, ದಪ್ಪ ಅಕ್ಷರ. ಇಂಥದ್ದೊಂದು ಪಿಡಿಎಫ್ ಲ್ಯಾಬಿನಿಂದ ವಾಟ್ಸ್ಆ್ಯಪ್‌ಗೆ ಬಂದಮೇಲೆ ಮುಂದೆ ಆಗುವುದು ಬಹುತೇಕ ಒಂದೇ ಥರ: ಮೊಬೈಲಿನಲ್ಲಿ ಹುಡುಕಾಟ, ಜಿಮ್ಮಿನ ಗೆಳೆಯನ ಸಲಹೆ, ಕೊನೆಗೆ ಒಂದು 250 ಮಿಲಿಗ್ರಾಂ ಇಂಜೆಕ್ಷನ್. ಅದೇ ರಿಪೋರ್ಟಿನ ಮೇಲ್ಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಅಂಕಿ ಇರುತ್ತದೆ, ಸ್ಯಾಂಪಲ್ ತೆಗೆದ ಸಮಯ: ಮಧ್ಯಾಹ್ನ 12.50. ಅದನ್ನು ಓದುವವರು ಕಡಿಮೆ.

ಗಂಡಸರ ಹಾರ್ಮೋನ್ ಪರೀಕ್ಷೆ ಈಗ ದೊಡ್ಡ ಊರಿನ ಸೌಲಭ್ಯವಾಗಿ ಉಳಿದಿಲ್ಲ. 'ಫುಲ್ ಬಾಡಿ' ಪ್ಯಾಕೇಜುಗಳಲ್ಲಿ ಅದೂ ಸೇರಿಕೊಂಡಿದೆ. ಶಿವಮೊಗ್ಗದಲ್ಲಿ ಮನೆಗೇ ಬಂದು ರಕ್ತ ತೆಗೆಯುತ್ತಾರೆ. ಸಾಗರ, ತೀರ್ಥಹಳ್ಳಿಯಂಥ ತಾಲ್ಲೂಕು ಕೇಂದ್ರಗಳಲ್ಲಿ ಸ್ಯಾಂಪಲ್ ತೆಗೆದು ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ. ಪರೀಕ್ಷೆ ಸುಲಭವಾಯಿತು, ಓದುವ ಕ್ರಮ ಮಾತ್ರ ಜೊತೆಗೆ ಬರಲಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ 'ಧಾತು ದೌರ್ಬಲ್ಯ' ಎಂದು ಹೆದರಿಸುತ್ತಿದ್ದ ಜಾಹೀರಾತಿನ ಜಾಗಕ್ಕೆ ಈಗ 'ಲೋ ಟಿ' (ಟೆಸ್ಟೊಸ್ಟೆರಾನ್ ಕಡಿಮೆ) ಎಂಬ ಮಾತು ಬಂದು ಕೂತಿದೆ.

ಹಾಗೆಂದು ಈ ಕಾಯಿಲೆ ಕಟ್ಟುಕತೆಯಲ್ಲ. ನಿಜವಾಗಿಯೂ ಹಾರ್ಮೋನ್ ಕೊರತೆಯಿರುವ ಗಂಡಸರಿದ್ದಾರೆ, ಅವರಲ್ಲಿ ಕೆಲವರಿಗೆ ವರ್ಷಗಟ್ಟಲೆ ರೋಗವೇ ಪತ್ತೆಯಾಗಿರುವುದಿಲ್ಲ. ತೊಂದರೆ ಏನೆಂದರೆ, ಕೊರತೆ ಇಲ್ಲದವನಿಗೂ ಇರುವವನಿಗೂ ಒಂದೇ ಇಂಜೆಕ್ಷನ್ ಬೀಳುತ್ತಿದೆ, ಅದೂ ಕಾರಣ ಹುಡುಕುವ ಮೊದಲೇ. ಹೊರಗಿನಿಂದ ಟೆಸ್ಟೊಸ್ಟೆರಾನ್ ಒಳಗೆ ಹೋದ ಕೂಡಲೇ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಆಜ್ಞೆ ಕೊಡುವ ತನ್ನ ಎಲ್‌ಎಚ್ ಹಾರ್ಮೋನನ್ನು ತಗ್ಗಿಸತೊಡಗುತ್ತದೆ. ಇಂಜೆಕ್ಷನ್ ನಡೆಯುತ್ತಿರುವಷ್ಟು ಕಾಲ ಎಲ್‌ಎಚ್ ಅಳೆದರೂ ಮೂಲ ದೋಷ ಎಲ್ಲಿತ್ತು ಎಂಬುದು ತಿಳಿಯುವುದು ಕಷ್ಟ. ಆದ್ದರಿಂದ ಈ ವಿಷಯದಲ್ಲಿ ಒಂದೇ ಒಂದು ಪಟ್ಟು ಹಿಡಿಯುವುದಿದ್ದರೆ ಅದು ಇದು: ಮೊದಲ ಇಂಜೆಕ್ಷನ್‌ಗೆ ಮುನ್ನ ಎಲ್‌ಎಚ್ ಪರೀಕ್ಷೆ ಆಗಿರಬೇಕು.

ಯಾರ ರಕ್ತ ಪರೀಕ್ಷಿಸಬೇಕು

ಸುಸ್ತು, ನಿದ್ದೆ ಸರಿಯಿಲ್ಲ, ಕೆಲಸದಲ್ಲಿ ಮನಸ್ಸಿಲ್ಲ, ಹೊಟ್ಟೆ ಬರುತ್ತಿದೆ. ಇವು ಟೆಸ್ಟೊಸ್ಟೆರಾನ್ ಕಡಿಮೆಯಾದಾಗಲೂ ಆಗುತ್ತವೆ. ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ, ಖಿನ್ನತೆ, ಗೊರಕೆಯ ಜೊತೆ ಉಸಿರು ಕಟ್ಟುವ ನಿದ್ರಾ ದೋಷ, ದಿನವೂ ಕುಡಿಯುವ ಅಭ್ಯಾಸ, ಎಲ್ಲದರಲ್ಲೂ ಆಗುತ್ತವೆ. ಇಂಥ ಲಕ್ಷಣಗಳಷ್ಟನ್ನೇ ನೋಡಿ ಟೆಸ್ಟೊಸ್ಟೆರಾನ್ ಅಳೆದರೆ ಗೊಂದಲವೇ ಹೆಚ್ಚು. ಹೆಚ್ಚು ನಂಬಬಹುದಾದ ಲಕ್ಷಣಗಳು ಬೇರೆ: ಲೈಂಗಿಕ ಆಸಕ್ತಿ ಸ್ಪಷ್ಟವಾಗಿ ಕುಗ್ಗಿರುವುದು, ಬೆಳಿಗ್ಗೆ ಏಳುವಾಗ ತಾನಾಗಿ ಆಗುತ್ತಿದ್ದ ನಿಮಿರುವಿಕೆ ನಿಂತಿರುವುದು, ಸಂಭೋಗದ ವೇಳೆ ನಿಮಿರುವಿಕೆ ಸಾಲದಿರುವುದು. ಇವುಗಳ ಜೊತೆಗೆ ಗಡ್ಡ ಮತ್ತು ಮೈಕೂದಲು ಉದುರುವುದು, ಎದೆ ಗಂಟುಗಟ್ಟಿ ಬೆಳೆಯುವುದು, ವೃಷಣ ಸಣ್ಣದಾಗುವುದು, ಮಕ್ಕಳಾಗದಿರುವುದು, ಸಣ್ಣ ಪೆಟ್ಟಿಗೆ ಮೂಳೆ ಮುರಿಯುವುದು.

ಯುರೋಪಿನ 40ರಿಂದ 79 ವಯಸ್ಸಿನ ಗಂಡಸರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಈ ಮೂರು ಲೈಂಗಿಕ ಲಕ್ಷಣಗಳನ್ನೂ ರಕ್ತದ ಕಡಿಮೆ ಮಟ್ಟವನ್ನೂ ಒಟ್ಟಿಗೆ ಇಟ್ಟು ಲೆಕ್ಕ ಹಾಕಿತು. ಎರಡೂ ಕೂಡಿಬಂದವರು ಶೇ. 2.1 ಮಾತ್ರ. ವಯಸ್ಸಾದವರಿಗೆಲ್ಲ ಕೊರತೆ ಎಂದು ಮಾರುವವರು ಈ ಅಂಕಿಯನ್ನು ಹೇಳುವುದಿಲ್ಲ.

ಮತ್ತೊಂದು ಮಾತು. ಆಸಕ್ತಿ ಚೆನ್ನಾಗಿದೆ, ನಿಮಿರುವಿಕೆ ಮಾತ್ರ ಸಾಲುತ್ತಿಲ್ಲ ಎನ್ನುವ 50ರ ಆಸುಪಾಸಿನ ವ್ಯಕ್ತಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ರಕ್ತನಾಳ. ಶಿಶ್ನದ ರಕ್ತನಾಳ ಹೃದಯದ ನಾಳಕ್ಕಿಂತ ಸಪೂರ, ಹಾಗಾಗಿ ಕಟ್ಟಿಕೊಳ್ಳುವ ಲಕ್ಷಣ ಅಲ್ಲೇ ಮೊದಲು ಕಾಣಬಹುದು. ಅಂಥವರಿಗೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡದೆ ಹಾರ್ಮೋನ್ ಮಾತ್ರ ನೋಡಿದರೆ ಹೃದಯದ ಎಚ್ಚರಿಕೆಯೊಂದು ಕೈತಪ್ಪಿದಂತೆ.

ಸಮಯ, ಊಟ, ಜ್ವರ

ಟೆಸ್ಟೊಸ್ಟೆರಾನ್ ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ಬೆಳಗಿನ ಜಾವ ಏರಿ, ಹೊತ್ತು ಏರಿದಂತೆ ಇಳಿಯುತ್ತದೆ. ಹರೆಯದವರಲ್ಲಿ ಈ ಏರಿಳಿತ ದೊಡ್ಡದು, 60 ದಾಟಿದವರಲ್ಲಿ ಸಣ್ಣದು. ಲ್ಯಾಬಿನ 'ನಾರ್ಮಲ್' ಮಿತಿಗಳು ಬೆಳಗಿನ ರಕ್ತದಿಂದ ತಯಾರಾದವು. 30 ವರ್ಷದ ಯುವಕನ ಮಧ್ಯಾಹ್ನದ ರಕ್ತವನ್ನು ಬೆಳಗಿನ ಅಳತೆಗೋಲಿಗೆ ಹಿಡಿದರೆ ಕೆಳಬಾಣ ಬೀಳುವುದು ಸಹಜ.

ಎರಡನೆಯದು ಊಟ. ಗ್ಲೂಕೋಸ್ ಕುಡಿದ ಮೇಲೆ ಟೆಸ್ಟೊಸ್ಟೆರಾನ್ ಸುಮಾರು ಕಾಲು ಭಾಗದಷ್ಟು ಇಳಿದು ಎರಡು ಗಂಟೆ ಹಾಗೆಯೇ ಇರಬಹುದು ಎಂದು ಪ್ರಯೋಗಗಳು ತೋರಿಸಿವೆ. 320 ಇದ್ದದ್ದು 240 ಆಗಲು ನಾಲ್ಕು ಇಡ್ಲಿ, ಸಕ್ಕರೆ ಹಾಕಿದ ಒಂದು ಕಾಫಿ ಸಾಕಾಗಬಹುದು.

ಈಗ ಮಲೆನಾಡಿನ ವಾಸ್ತವ ನೋಡಿ. ಹೊಸನಗರದ ಆಚೆಯ ಹಳ್ಳಿಯವನು ಮೊದಲ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬರುವಷ್ಟರಲ್ಲಿ ಹೊತ್ತೇರಿರುತ್ತದೆ. ಹೋಟೆಲಿನಲ್ಲಿ ತಿಂಡಿಯಾಗುತ್ತದೆ. ಡಾಕ್ಟರು ಸಿಗುವುದು ಹನ್ನೊಂದೂವರೆಗೆ, ಚೀಟಿ ಹಿಡಿದು ಲ್ಯಾಬಿಗೆ ಹೋಗುವಾಗ ಮಧ್ಯಾಹ್ನ. 'ಮತ್ತೆ ನಾಳೆ ಬರಲಿಕ್ಕಾಗುವುದಿಲ್ಲ, ಈಗಲೇ ತೆಗೆದುಬಿಡಿ' ಎನ್ನುತ್ತಾನೆ, ತೆಗೆಯುತ್ತಾರೆ. ಯಾರ ತಪ್ಪೂ ಇಲ್ಲ, ರಿಪೋರ್ಟ್ ಮಾತ್ರ ಉಪಯೋಗಕ್ಕಿಲ್ಲ. ಇದಕ್ಕೆ ಪರಿಹಾರ ಊರ ಹತ್ತಿರದ ಕಲೆಕ್ಷನ್ ಸೆಂಟರ್. ಟೆಸ್ಟೊಸ್ಟೆರಾನ್ ಬೇಗ ಕೆಡುವ ವಸ್ತುವಲ್ಲ. ಸೀರಂ ಬೇರ್ಪಡಿಸಿ ತಣ್ಣಗಿಟ್ಟು ಕಳಿಸಿದರೆ ಪ್ರಯಾಣವನ್ನು ತಡೆದುಕೊಳ್ಳುತ್ತದೆ. ರಾತ್ರಿ ಊಟದ ನಂತರ ನೀರು ಬಿಟ್ಟು ಏನೂ ಬೇಡ, ಬೆಳಿಗ್ಗೆ 7ರಿಂದ 10ರೊಳಗೆ ಊರಿನಲ್ಲೇ ರಕ್ತ ಕೊಟ್ಟು, ರಿಪೋರ್ಟ್ ಹಿಡಿದು ಡಾಕ್ಟರ ಬಳಿ ಹೋಗುವುದು. ಎಲೆಯಡಿಕೆಯನ್ನೂ ಅಂದು ಬೆಳಿಗ್ಗೆ ಬಿಟ್ಟಿದ್ದರೆ ಒಳ್ಳೆಯದು, ಖಾಲಿ ಹೊಟ್ಟೆ ಎಂದರೆ ಖಾಲಿ ಬಾಯಿಯೂ ಹೌದು.

ರಾತ್ರಿ ಪಾಳಿಯವರ ಲೆಕ್ಕ ಬೇರೆ. ಮಾಚೇನಹಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ದುಡಿದು ಬೆಳಿಗ್ಗೆ ಎಂಟಕ್ಕೆ ನೇರ ಲ್ಯಾಬಿಗೆ ಬಂದವನಿಗೆ ಅದು ದೇಹದ ಬೆಳಗಲ್ಲ, ದೇಹದ ಸಂಜೆ. ಅಂಥವರು ತಮ್ಮ ಮುಖ್ಯ ನಿದ್ದೆ ಮುಗಿಸಿ ಎದ್ದ ಎರಡು ಮೂರು ಗಂಟೆಯೊಳಗೆ, ಏನೂ ತಿನ್ನದೆ ರಕ್ತ ಕೊಡಬೇಕು. ಅಡಿಕೆ ಕೊಯ್ಲಿನ ದಿನಗಳೂ ಹೀಗೆಯೇ. ಹಗಲು ಕೊನೆ ಇಳಿಸಿ, ರಾತ್ರಿ ಸುಲಿತ, ಹಂಡೆಯ ಮುಂದೆ ಬೇಯಿಸುವ ಕೆಲಸ, ನಾಲ್ಕೈದು ಗಂಟೆ ನಿದ್ದೆ. ಒಂದು ವಾರ ರಾತ್ರಿಗೆ ಐದು ಗಂಟೆಯಷ್ಟೇ ಮಲಗಲು ಬಿಟ್ಟ ಆರೋಗ್ಯವಂತ ಯುವಕರಲ್ಲಿ ಹಗಲಿನ ಟೆಸ್ಟೊಸ್ಟೆರಾನ್ ಶೇ. 10ರಿಂದ 15 ಇಳಿದದ್ದನ್ನು 2011ರ ಪ್ರಯೋಗವೊಂದು ದಾಖಲಿಸಿದೆ. ಪರೀಕ್ಷೆಯನ್ನು ಕೊಯ್ಲು ಮುಗಿದ ಮೇಲೆ ಇಟ್ಟುಕೊಂಡರೆ ನಷ್ಟವೇನಿಲ್ಲ.

ಜ್ವರ ಬಂದಾಗಲಂತೂ ಈ ಪರೀಕ್ಷೆ ಬೇಡವೇ ಬೇಡ. ಯಾವುದೇ ತೀವ್ರ ಕಾಯಿಲೆಯಲ್ಲಿ ದೇಹ ಸಂತಾನದ ಕೆಲಸವನ್ನು ಬದಿಗಿಡುತ್ತದೆ. ಟೆಸ್ಟೊಸ್ಟೆರಾನ್ ಕುಸಿಯುತ್ತದೆ, ಎಲ್‌ಎಚ್ ಕೂಡ ಇಳಿಯುತ್ತದೆ, ರಿಪೋರ್ಟ್ ಥೇಟ್ ಪಿಟ್ಯುಟರಿ ಕಾಯಿಲೆಯ ಹಾಗೆಯೇ ಕಾಣುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಬೇಸಿಗೆಯ ಕಡೆಗೆ, ಇಲಿ ಜ್ವರ ಮತ್ತು ಡೆಂಗಿ ಮಳೆಗಾಲದ ಕಡೆಗೆ. ಇಂಥ ಜ್ವರದಿಂದೆದ್ದವರಿಗೆ ವಾರಗಟ್ಟಲೆ ನಿಶ್ಶಕ್ತಿ ಇರುತ್ತದೆ, ಆ ನಿಶ್ಶಕ್ತಿಗೇ ಹಾರ್ಮೋನ್ ಪರೀಕ್ಷೆ ಮಾಡಿಸುತ್ತಾರೆ. ಪೂರ್ತಿ ಚೇತರಿಸಿಕೊಂಡು, ಊಟ ನಿದ್ದೆ ಮೊದಲಿನ ಹಾಗಾದ ಮೇಲೆ ಇನ್ನೂ ಒಂದೆರಡು ತಿಂಗಳು ಬಿಟ್ಟು ನೋಡುವುದು ಲೇಸು.

ಒಂದು ರಿಪೋರ್ಟ್ ಸಾಲದು

ಮೊದಲ ಬಾರಿ ಕಡಿಮೆ ಬಂದವರಲ್ಲಿ ಸುಮಾರು ಶೇ. 30 ಮಂದಿಗೆ ಎರಡನೇ ಬಾರಿ ಸಹಜ ಮಟ್ಟವೇ ಬರುತ್ತದೆ. ಹಾಗಾಗಿ ಬೇರೆ ಬೇರೆ ದಿನ, ಎರಡೂ ಬೆಳಿಗ್ಗೆ, ಎರಡೂ ಖಾಲಿ ಹೊಟ್ಟೆ, ಸಾಧ್ಯವಾದಷ್ಟೂ ಒಂದೇ ಲ್ಯಾಬ್. ಲ್ಯಾಬ್ ಬದಲಾದರೆ ಯಂತ್ರ ಬದಲಾಗುತ್ತದೆ, ಒಂದೇ ರಕ್ತಕ್ಕೆ ಬೇರೆ ಅಂಕಿ ಬರಬಹುದು. ಸಾಮಾನ್ಯ ಲ್ಯಾಬುಗಳ ಇಮ್ಯುನೊಅಸ್ಸೇ ಯಂತ್ರಗಳು ಮಧ್ಯಮ ಮಟ್ಟದಲ್ಲಿ ಚೆನ್ನಾಗಿ ಅಳೆಯುತ್ತವೆ, ತೀರಾ ಕಡಿಮೆ ಮಟ್ಟದಲ್ಲಿ ಎಡವುತ್ತವೆ. ಮಾಸ್ ಸ್ಪೆಕ್ಟ್ರೋಮೆಟ್ರಿ ವಿಧಾನ ಹೆಚ್ಚು ನಿಖರ, ದುಬಾರಿ, ಎಲ್ಲರಿಗೂ ಬೇಕಾಗಿಲ್ಲ.

ಮಾನಗಳಲ್ಲೂ ಜನ ದಾರಿ ತಪ್ಪುತ್ತಾರೆ. ಒಂದು ಲ್ಯಾಬ್ 3.1 ಎಂದು ಕೊಟ್ಟರೆ ಇನ್ನೊಂದು 310 ಎನ್ನುತ್ತದೆ, ಮತ್ತೊಂದು 10.7. ಮೂರೂ ಒಂದೇ. ಮಿಲಿಲೀಟರಿಗೆ ನ್ಯಾನೋಗ್ರಾಂ ಇದ್ದರೆ 100ರಿಂದ ಗುಣಿಸಿದಾಗ ಡೆಸಿಲೀಟರಿನ ಲೆಕ್ಕ ಸಿಗುತ್ತದೆ. ಲೀಟರಿಗೆ ನ್ಯಾನೋಮೋಲ್ ಇದ್ದರೆ 28.84ರಿಂದ ಗುಣಿಸಬೇಕು. ಇಲ್ಲಿಂದ ಮುಂದೆ ಟೆಸ್ಟೊಸ್ಟೆರಾನ್‌ಗೆ ಬರೀ ಅಂಕಿ ಕೊಟ್ಟಲ್ಲೆಲ್ಲ ಅದು ಡೆಸಿಲೀಟರಿಗೆ ನ್ಯಾನೋಗ್ರಾಂ ಎಂದೇ ಓದಿಕೊಳ್ಳಿ.

ಗಡಿ ಎಲ್ಲಿ? ಒಮ್ಮತವಿಲ್ಲ. ಅಮೆರಿಕದ ಮೂತ್ರಾಂಗ ತಜ್ಞರ ಸಂಘ 300 ಎನ್ನುತ್ತದೆ. ಅಮೆರಿಕ ಮತ್ತು ಯುರೋಪಿನ 19ರಿಂದ 39 ವಯಸ್ಸಿನ, ಬೊಜ್ಜಿಲ್ಲದ ಆರೋಗ್ಯವಂತರ ರಕ್ತದಿಂದ 2017ರಲ್ಲಿ ಹೊರಬಂದ ಮಿತಿ 264ರಿಂದ 916. ಯುರೋಪಿನ ತಜ್ಞರು 230ಕ್ಕಿಂತ ಕಡಿಮೆಯಿದ್ದರೆ ಕೊರತೆ ಬಹುತೇಕ ಖಚಿತ, 350ಕ್ಕಿಂತ ಹೆಚ್ಚಿದ್ದರೆ ಬಹುತೇಕ ಇಲ್ಲ, ನಡುವಿನದು ಅನುಮಾನದ ವಲಯ ಎಂದು ನೋಡುತ್ತಾರೆ. ರೋಗಿಯನ್ನು ಎದುರಿಗಿಟ್ಟುಕೊಂಡು ತೀರ್ಮಾನಿಸಲು ಈ ಮೂರನೇ ದಾರಿಯೇ ಹೆಚ್ಚು ಪ್ರಾಮಾಣಿಕ. 298 ಬಂದವನು ರೋಗಿ, 302 ಬಂದವನು ಆರೋಗ್ಯವಂತ ಎನ್ನುವುದರಲ್ಲಿ ಅರ್ಥವಿಲ್ಲ, ಯಂತ್ರದ ತಪ್ಪಿನ ಅಂತರವೇ ಅದಕ್ಕಿಂತ ದೊಡ್ಡದು.

ಎಸ್‌ಎಚ್‌ಬಿಜಿ: ದಾಸ್ತಾನು ಬೇರೆ, ಕೈಗೆ ಸಿಗುವುದು ಬೇರೆ

ಅನುಮಾನದ ವಲಯದಲ್ಲಿ ಬಿದ್ದವರಿಗೆ ಬೇಕಾದದ್ದು ಎಸ್‌ಎಚ್‌ಬಿಜಿ. ಇದು ಯಕೃತ್ತು ತಯಾರಿಸುವ ಒಂದು ಪ್ರೋಟೀನು. ರಕ್ತದಲ್ಲಿರುವ ಟೆಸ್ಟೊಸ್ಟೆರಾನ್‌ನ ದೊಡ್ಡ ಪಾಲು ಇದಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಇನ್ನೊಂದು ಪಾಲು ಆಲ್ಬುಮಿನ್‌ಗೆ ಸಡಿಲವಾಗಿ ಅಂಟಿರುತ್ತದೆ, ಯಾವುದಕ್ಕೂ ಅಂಟದೆ ಬಿಡಿಯಾಗಿ ಓಡಾಡುವುದು ಸುಮಾರು ಶೇ. 2 ಮಾತ್ರ. ಒಟ್ಟು ಟೆಸ್ಟೊಸ್ಟೆರಾನ್ ಎಂದರೆ ಮಂಡಿಯ ಗೋದಾಮಿನಲ್ಲಿ ನಿಮ್ಮ ಹೆಸರಿನಲ್ಲಿರುವ ಅಡಿಕೆ ಚೀಲಗಳ ಲೆಕ್ಕ. ಬೀಗದ ಕೈ ಎಸ್‌ಎಚ್‌ಬಿಜಿ ಹತ್ತಿರ. ಚೀಲ ಎಷ್ಟಿದ್ದರೇನು, ಮಾರಿ ದುಡ್ಡಾದದ್ದಷ್ಟೇ ಖರ್ಚಿಗೆ.

ಬೊಜ್ಜು, ಟೈಪ್ 2 ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಸ್ಟೀರಾಯ್ಡ್ ಔಷಧಿಗಳಲ್ಲಿ ಎಸ್‌ಎಚ್‌ಬಿಜಿ ಇಳಿಯುತ್ತದೆ. ವಯಸ್ಸು, ಯಕೃತ್ತಿನ ಕಾಯಿಲೆ, ಥೈರಾಯ್ಡ್ ಹೆಚ್ಚಳ, ಎಚ್‌ಐವಿ, ಕೆಲವು ಮೂರ್ಛೆರೋಗದ ಮಾತ್ರೆಗಳಲ್ಲಿ ಏರುತ್ತದೆ. ಇದರ ಪರಿಣಾಮ ಎಷ್ಟೆಂದು ಅಂಕಿಯಲ್ಲೇ ನೋಡೋಣ.

ಮೊದಲನೆಯವನು 38ರ ಪ್ರಾಯದವನು, ಹೊಟ್ಟೆಯ ಸುತ್ತಳತೆ 104 ಸೆಂಟಿಮೀಟರ್. ಒಟ್ಟು ಟೆಸ್ಟೊಸ್ಟೆರಾನ್ 250, ಕೆಳಬಾಣ. ಎಸ್‌ಎಚ್‌ಬಿಜಿ ಲೀಟರಿಗೆ 14 ನ್ಯಾನೋಮೋಲ್, ಆಲ್ಬುಮಿನ್ ಡೆಸಿಲೀಟರಿಗೆ 4.3 ಗ್ರಾಂ. ಚಾಲ್ತಿಯಲ್ಲಿರುವ ವರ್ಮೂಲೆನ್ ಸೂತ್ರಕ್ಕೆ ಹಾಕಿದರೆ ಬಿಡಿ ಟೆಸ್ಟೊಸ್ಟೆರಾನ್ ಸುಮಾರು 7.2 ಬರುತ್ತದೆ. ಬಿಡಿಯ ಕೆಳಮಿತಿಯನ್ನು ಸುಮಾರು 6.4 ಎಂದು ಹಿಡಿಯುವವರು ಹೆಚ್ಚು. ಅಂದರೆ ಇವನಿಗೆ ಹಾರ್ಮೋನ್ ಕೊರತೆಯಿಲ್ಲ, ಹೊಟ್ಟೆಯ ಬೊಜ್ಜಿದೆ. ಎರಡನೆಯವರು 66ರ ಹಿರಿಯರು, ತೆಳ್ಳಗಿನ ಮೈ, ಒಟ್ಟು 420, ರಿಪೋರ್ಟಿನಲ್ಲಿ ಬಾಣವಿಲ್ಲ, 'ಎಲ್ಲ ನಾರ್ಮಲ್'. ಎಸ್‌ಎಚ್‌ಬಿಜಿ 85. ಅದೇ ಸೂತ್ರದಲ್ಲಿ ಬಿಡಿ ಟೆಸ್ಟೊಸ್ಟೆರಾನ್ ಸುಮಾರು 4.3ಕ್ಕೆ ನಿಲ್ಲುತ್ತದೆ. ಲಕ್ಷಣಗಳಿದ್ದರೆ ಮುಂದಿನ ಹುಡುಕಾಟ ಬೇಕಾದದ್ದು ಇವರಿಗೆ, ಜೊತೆಗೆ ಯಕೃತ್ತು ಮತ್ತು ಥೈರಾಯ್ಡ್ ಕೂಡ ನೋಡಬೇಕು.

ಹಾಗಾದರೆ ಲ್ಯಾಬಿನವರೇ 'ಫ್ರೀ ಟೆಸ್ಟೊಸ್ಟೆರಾನ್' ಅಳೆದು ಕೊಡುತ್ತಾರಲ್ಲ? ಅದನ್ನು ನೇರವಾಗಿ ಅಳೆಯುವ ಅಗ್ಗದ ಕಿಟ್‌ಗಳು ವಿಶ್ವಾಸಾರ್ಹವಲ್ಲ ಎಂದು ಹಾರ್ಮೋನ್ ತಜ್ಞರ ಮಾರ್ಗಸೂಚಿಗಳೇ ಹೇಳುತ್ತವೆ. ಇಕ್ವಿಲಿಬ್ರಿಯಂ ಡಯಾಲಿಸಿಸ್ ವಿಧಾನವೊಂದೇ ನಂಬಲರ್ಹ, ಅದು ಕೆಲವೇ ಲ್ಯಾಬುಗಳಲ್ಲಿದೆ. ಒಟ್ಟು ಟೆಸ್ಟೊಸ್ಟೆರಾನ್, ಎಸ್‌ಎಚ್‌ಬಿಜಿ, ಆಲ್ಬುಮಿನ್ ಮೂರನ್ನೂ ಒಂದೇ ಸ್ಯಾಂಪಲಿನಲ್ಲಿ ಅಳೆಸಿ ಸೂತ್ರದಿಂದ ಲೆಕ್ಕ ಹಾಕುವುದೇ ನಮ್ಮ ಕಡೆ ನಡೆಯುವ ದಾರಿ.

ಎಲ್‌ಎಚ್, ಎಫ್‌ಎಸ್‌ಎಚ್: ದೋಷ ಮೇಲೋ ಕೆಳಗೋ

ಎರಡು ಬೆಳಗಿನ ರಕ್ತದಲ್ಲೂ ಕೊರತೆ ಖಚಿತವಾಯಿತು ಎನ್ನೋಣ. ಈಗ ಪ್ರಶ್ನೆ, ವೃಷಣ ಸೋತಿದೆಯೋ, ಅದಕ್ಕೆ ಆಜ್ಞೆ ಕೊಡುವ ಪಿಟ್ಯುಟರಿ ಸೋತಿದೆಯೋ. ಪಿಟ್ಯುಟರಿ ಕಳಿಸುವ ಎಲ್‌ಎಚ್ ಟೆಸ್ಟೊಸ್ಟೆರಾನ್ ತಯಾರಿಗೆ, ಎಫ್‌ಎಸ್‌ಎಚ್ ಮುಖ್ಯವಾಗಿ ವೀರ್ಯಾಣು ತಯಾರಿಗೆ. ಎಲ್‌ಎಚ್‌ನ ಸಾಮಾನ್ಯ ಮಿತಿ ಬಹುತೇಕ ಲ್ಯಾಬುಗಳಲ್ಲಿ ಲೀಟರಿಗೆ 1.5ರಿಂದ 9 ಯೂನಿಟ್ ಆಸುಪಾಸು.

ಟೆಸ್ಟೊಸ್ಟೆರಾನ್ 160, ಎಲ್‌ಎಚ್ 24, ಎಫ್‌ಎಸ್‌ಎಚ್ 38 ಎಂದಿದ್ದರೆ ಮೇಲಿನಿಂದ ಒತ್ತಡ ಜೋರಾಗಿದೆ, ಕೆಳಗೆ ಕೆಲಸ ಆಗುತ್ತಿಲ್ಲ: ವೃಷಣದ ದೋಷ. ಹರೆಯದಲ್ಲಿ ಕೆಪ್ಪಟರಾಯ ಬಂದು ವೃಷಣ ಊದಿದ್ದಿರಬಹುದು, ಪೆಟ್ಟು ಬಿದ್ದಿರಬಹುದು, ಕ್ಯಾನ್ಸರ್ ಚಿಕಿತ್ಸೆ ಆಗಿರಬಹುದು. ಹೆಚ್ಚಾಗಿ ತಪ್ಪಿಹೋಗುವುದು ಕ್ಲೈನ್‌ಫೆಲ್ಟರ್ ಸಿಂಡ್ರೋಮ್. ಸುಮಾರು 600 ಗಂಡುಮಕ್ಕಳಲ್ಲಿ ಒಬ್ಬನಿಗೆ ಒಂದು ಎಕ್ಸ್ ವರ್ಣತಂತು ಹೆಚ್ಚಿಗೆ ಇರುತ್ತದೆ. ಉದ್ದ ಕಾಲು, ವಿರಳ ಗಡ್ಡ, ಸ್ವಲ್ಪ ಎದೆ, ಗಟ್ಟಿಯಾದ ಪುಟ್ಟ ವೃಷಣ. ಸಹಜ ವೃಷಣ 15ರಿಂದ 25 ಮಿಲಿಲೀಟರ್ ಗಾತ್ರವಿದ್ದರೆ ಇವರದು ಸಾಮಾನ್ಯವಾಗಿ 5ರ ಆಸುಪಾಸು. ಕೈಯಿಟ್ಟು ನೋಡಿದರೆ ಒಂದು ನಿಮಿಷದಲ್ಲಿ ಅನುಮಾನ ಬರುವ ಸಂಗತಿ. ಆದರೆ ಪಂಚೆ ಸಡಿಲಿಸಲು ಇವರಿಗೆ ಸಂಕೋಚ, ಸಡಿಲಿಸಿ ಎನ್ನಲು ಡಾಕ್ಟರಿಗೂ ಸಂಕೋಚ. ಮದುವೆಯಾಗಿ ಮಕ್ಕಳಾಗದೆ, ಹೆಂಡತಿಗೆ ಊರೂರು ತಿರುಗಿಸಿ ಸ್ಕ್ಯಾನ್ ಮಾಡಿಸಿದ ಮೇಲೆ ಇವರ ಸರದಿ ಬರುತ್ತದೆ. ಖಚಿತವಾಗಲು ಕ್ಯಾರಿಯೊಟೈಪ್ ಎಂಬ ವರ್ಣತಂತು ಪರೀಕ್ಷೆ ಬೇಕು.

ಟೆಸ್ಟೊಸ್ಟೆರಾನ್ 160, ಎಲ್‌ಎಚ್ 2.8 ಎಂದಿದ್ದರೆ? ರಿಪೋರ್ಟಿನಲ್ಲಿ ಎಲ್‌ಎಚ್ ಪಕ್ಕ ಬಾಣವಿಲ್ಲ. ಇಡೀ ರಿಪೋರ್ಟಿನಲ್ಲಿ ಅತಿ ಹೆಚ್ಚು ಮೋಸ ಮಾಡುವ 'ನಾರ್ಮಲ್' ಇದೇ. ಟೆಸ್ಟೊಸ್ಟೆರಾನ್ ಅಷ್ಟು ಇಳಿದಾಗ ಎಲ್‌ಎಚ್ ಜಿಗಿಯಬೇಕಿತ್ತು. ಜಿಗಿಯದೆ ಕೂತಿದೆ ಎಂದರೆ ದೋಷ ಮೇಲಿದೆ. ಎಲ್‌ಎಚ್ ಒಂದೂವರೆ ಎರಡು ಗಂಟೆಗೊಮ್ಮೆ ಅಲೆಯಾಗಿ ಬರುವುದರಿಂದ 2.8ಕ್ಕೂ 4ಕ್ಕೂ ವ್ಯತ್ಯಾಸ ಹುಡುಕಬೇಡಿ, ಏರಿದೆಯೋ ಇಲ್ಲವೋ ಎಂದಷ್ಟೇ ನೋಡಿ.

ಮೇಲಿನ ದೋಷಕ್ಕೆ ಕಾರಣಗಳ ಪಟ್ಟಿ ಉದ್ದ. ಬಹುಪಾಲು ಬೊಜ್ಜು ಮತ್ತು ಸಕ್ಕರೆ ಕಾಯಿಲೆ. ಅಲ್ಲಿ ಇಳಿತ ಸಾಧಾರಣದ್ದು, ತೂಕ ಶೇ. 10ರಷ್ಟು ಇಳಿದರೂ ಮಟ್ಟ ಮೇಲೇಳತೊಡಗುತ್ತದೆ. ನೋವಿಗೆ ದಿನವೂ ಟ್ರಮಡಾಲ್‌ನಂಥ ಮಾತ್ರೆ ನುಂಗುವವರು. ಉಬ್ಬಸಕ್ಕೆ, ಕೀಲುನೋವಿಗೆ ಹೆಸರಿಲ್ಲದ ಪುಡಿ ತಿನ್ನುವವರು, ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಜಿಮ್ಮಿನ ಚುಚ್ಚುಮದ್ದಿನವರದು ಒಂದು ನೋಟಕ್ಕೇ ಗೊತ್ತಾಗುತ್ತದೆ: ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಹೆಚ್ಚುಕಡಿಮೆ ಸೊನ್ನೆ, ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಮೇಲೆ, ಮೈ ಮಾತ್ರ ಕಟ್ಟುಮಸ್ತು.

ನಮ್ಮ ನೆಲಕ್ಕೇ ಸೇರಿದ ಕಾರಣವೊಂದಿದೆ, ಅದನ್ನು ಕೇಳದೆ ಬಿಡುತ್ತಾರೆ: ಕೊಳಕುಮಂಡಲದ ಕಡಿತ. ಈ ಹಾವಿನ ವಿಷ ಕೆಲವರಲ್ಲಿ ಪಿಟ್ಯುಟರಿಯೊಳಗೆ ರಕ್ತಸ್ರಾವ ಮಾಡಿ ಗ್ರಂಥಿಯನ್ನೇ ಕೊಲ್ಲುತ್ತದೆ. ದಕ್ಷಿಣ ಭಾರತದಿಂದ ಇಂಥ ವರದಿಗಳು ಸಾಕಷ್ಟಿವೆ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಆಗುವಷ್ಟು ತೀವ್ರ ಕಡಿತದಿಂದ ಬದುಕಿದವರಲ್ಲಿ ಈ ಭಯ ಹೆಚ್ಚು. ಕಡಿತ ವಾಸಿಯಾಗಿ ತಿಂಗಳು, ವರ್ಷಗಳ ನಂತರ ಗಡ್ಡ ಬೆಳೆಯುವುದು ನಿಧಾನವಾಗುತ್ತದೆ, ಆಸಕ್ತಿ ಹೋಗುತ್ತದೆ, ಬಿಪಿ ಇಳಿದು ತಲೆ ಸುತ್ತುತ್ತದೆ, ಚಳಿ ತಡೆಯುವುದಿಲ್ಲ. ಗದ್ದೆಯಲ್ಲಿ ಹಾವು ಕಚ್ಚಿದ್ದಕ್ಕೂ ಇದಕ್ಕೂ ಸಂಬಂಧವಿದೆ ಎಂದು ರೋಗಿಗೆ ಹೊಳೆಯುವುದೇ ಇಲ್ಲ. ರಿಪೋರ್ಟಿನಲ್ಲಿ ಟೆಸ್ಟೊಸ್ಟೆರಾನ್ ಮತ್ತು ಎಲ್‌ಎಚ್ ಕಡಿಮೆ, ಥೈರಾಯ್ಡ್ ಹಾರ್ಮೋನಾದ ಟಿ4 ಕಡಿಮೆಯಿದ್ದರೂ ಅದಕ್ಕೆ ಆಜ್ಞೆ ಕೊಡುವ ಪಿಟ್ಯುಟರಿಯ ಟಿಎಸ್‌ಎಚ್ ಏರಿಲ್ಲ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಬೆಳಗಿನಲ್ಲೂ ಕಡಿಮೆ. ಟಿಎಸ್‌ಎಚ್ ಒಂದನ್ನೇ ನೋಡಿ ಥೈರಾಯ್ಡ್ ಚೆನ್ನಾಗಿದೆ ಎಂದು ಬಿಟ್ಟರೆ ಇದು ಸಿಕ್ಕುವುದಿಲ್ಲ. ಚಿಕಿತ್ಸೆಯ ಕ್ರಮವೂ ಮುಖ್ಯ: ಮೊದಲು ಕಾರ್ಟಿಸಾಲ್ ಬದಲಿ ಮಾತ್ರೆ, ಆಮೇಲೆ ಥೈರಾಯ್ಡ್, ಟೆಸ್ಟೊಸ್ಟೆರಾನ್ ಕೊನೆಗೆ. ಕಾರ್ಟಿಸಾಲ್ ಕೊಡದೆ ಥೈರಾಕ್ಸಿನ್ ಶುರುಮಾಡಿದರೆ ಜೀವಕ್ಕೇ ಸಂಚಕಾರ ಬರಬಹುದು. ಬೈಕಿನಿಂದ ಬಿದ್ದು ತಲೆಗೆ ಬಲವಾದ ಪೆಟ್ಟಾದವರಲ್ಲೂ ಇದೇ ಬಗೆಯ ಪಿಟ್ಯುಟರಿ ಹಾನಿ ಆಗಬಹುದು.

ಟೆಸ್ಟೊಸ್ಟೆರಾನ್ 150ಕ್ಕಿಂತ ಕೆಳಗಿದ್ದು ಎಲ್‌ಎಚ್ ಏರದಿದ್ದರೆ, ತಲೆನೋವು ಅಥವಾ ಬದಿಯ ದೃಷ್ಟಿ ಮಸುಕಾಗಿದ್ದರೆ, ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನಾದ ಪ್ರೊಲ್ಯಾಕ್ಟಿನ್ ಬಿಡದೆ ಹೆಚ್ಚಿದ್ದರೆ ಪಿಟ್ಯುಟರಿಯ ಎಂಆರ್‌ಐ ಬೇಕು.

ಗ್ಯಾಸ್ಟ್ರಿಕ್ ಮಾತ್ರೆ, ಕೂದಲ ಮಾತ್ರೆ

ಪ್ರೊಲ್ಯಾಕ್ಟಿನ್ ಹೆಚ್ಚಾದರೆ ಎಲ್‌ಎಚ್ ಕುಗ್ಗಿ ಟೆಸ್ಟೊಸ್ಟೆರಾನ್ ಇಳಿಯುತ್ತದೆ. ಗಂಡಸರಲ್ಲಿ ಮಿತಿ ಮಿಲಿಲೀಟರಿಗೆ 15ರಿಂದ 20 ನ್ಯಾನೋಗ್ರಾಂ ಆಸುಪಾಸು. 200 ದಾಟಿದರೆ ಪಿಟ್ಯುಟರಿ ಗಡ್ಡೆಯ ಸಾಧ್ಯತೆ ಬಲವಾಗಿರುತ್ತದೆ. ಆದರೆ 40, 60, 80ರ ಮಟ್ಟ ಬಂದಾಗ ಎಂಆರ್‌ಐಗೆ ಓಡುವ ಮೊದಲು ಕಿಸೆಯಲ್ಲಿರುವ ಮಾತ್ರೆ ಚೀಟಿ ನೋಡಬೇಕು. ಬೆಳಿಗ್ಗೆ ಎದ್ದ ಕೂಡಲೇ ನುಂಗುವ 'ಗ್ಯಾಸ್ಟ್ರಿಕ್' ಕ್ಯಾಪ್ಸೂಲುಗಳಲ್ಲಿ ಆಮ್ಲ ತಗ್ಗಿಸುವ ಔಷಧಿಯ ಜೊತೆ ಡೊಂಪೆರಿಡೋನ್ ಅಥವಾ ಲೆವೊಸಲ್ಪಿರೈಡ್ ಸೇರಿರುವುದು ಸಾಮಾನ್ಯ. ಇವೆರಡೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ವರ್ಷಗಟ್ಟಲೆ ಇದನ್ನು ನುಂಗುತ್ತ, ಆಸಕ್ತಿ ಹೋಯಿತೆಂದು ಇನ್ನೊಂದು ಔಷಧಿ ಹುಡುಕುವವರಿದ್ದಾರೆ. ಡಾಕ್ಟರಿಗೆ ತಿಳಿಸಿ ಮೂರು ದಿನ ಬಿಟ್ಟು ಮತ್ತೆ ಪರೀಕ್ಷಿಸಿದರೆ ವಿಷಯ ಇತ್ಯರ್ಥ. ಮಾನಸಿಕ ಕಾಯಿಲೆಯ ರಿಸ್ಪೆರಿಡೋನ್‌ನಂಥ ಔಷಧಿಗಳೂ ಏರಿಸುತ್ತವೆ, ಆದರೆ ಅವನ್ನು ಮನೋವೈದ್ಯರ ಒಪ್ಪಿಗೆ ಇಲ್ಲದೆ ಒಂದು ದಿನವೂ ನಿಲ್ಲಿಸಬಾರದು. ಥೈರಾಯ್ಡ್ ಕೊರತೆ, ಸೂಜಿಯ ಹೆದರಿಕೆ ಕೂಡ ಸ್ವಲ್ಪ ಏರಿಸಬಲ್ಲವು.

ಕೂದಲು ಉದುರುವುದಕ್ಕೆ ತಿನ್ನುವ ಬಯೊಟಿನ್ ಮಾತ್ರೆಯದು ಬೇರೆ ಚೇಷ್ಟೆ. ಅದು ದೇಹದ ಹಾರ್ಮೋನ್ ಮುಟ್ಟುವುದಿಲ್ಲ, ಯಂತ್ರವನ್ನೇ ಮೋಸಗೊಳಿಸುತ್ತದೆ. ದಿನಕ್ಕೆ ದೇಹಕ್ಕೆ ಬೇಕಾದದ್ದು ಸುಮಾರು 30 ಮೈಕ್ರೋಗ್ರಾಂ, ಮಾತ್ರೆಯಲ್ಲಿರುವುದು 5ರಿಂದ 10 ಮಿಲಿಗ್ರಾಂ. ಬಯೊಟಿನ್ ಆಧಾರದ ಮೇಲೆಯೇ ಕೆಲಸ ಮಾಡುವ ಯಂತ್ರಗಳಲ್ಲಿ ಟೆಸ್ಟೊಸ್ಟೆರಾನ್ ಸುಳ್ಳಾಗಿ ಹೆಚ್ಚು, ಎಲ್‌ಎಚ್, ಎಫ್‌ಎಸ್‌ಎಚ್, ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ಬರಬಹುದು. ನೋಡಿದವರಿಗೆ ಈತ ಗುಟ್ಟಾಗಿ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದಾನೆ ಅನ್ನಿಸುತ್ತದೆ. ಪರೀಕ್ಷೆಗೆ ಮೂರು ದಿನ ಮೊದಲು ನಿಲ್ಲಿಸಿದರೆ ಸಾಕು.

ಎಸ್ಟ್ರಡಯೋಲ್, ಡಿಎಚ್‌ಟಿ, ಡಿಎಚ್‌ಇಎ ಎಂಬ ಬೇರೆ ಹಾರ್ಮೋನುಗಳನ್ನೆಲ್ಲ ಸೇರಿಸಿದ ದುಬಾರಿ ಪ್ಯಾನೆಲ್ ಬೇಕೇ? ಬೇಡ. ಎದೆ ಬೆಳೆದಿದ್ದರೆ ಎಸ್ಟ್ರಡಯೋಲ್ ನೋಡುವುದಕ್ಕೆ ಅರ್ಥವಿದೆ, ಉಳಿದವು ದುಡ್ಡಿಗೆ ದಂಡ.

ಇಂಜೆಕ್ಷನ್ ಶುರುವಾದ ಮೇಲೆ

ಕೊರತೆಯೂ ಕಾರಣವೂ ಖಚಿತವಾದವರಿಗೆ ಚಿಕಿತ್ಸೆ ಉಪಯುಕ್ತ, ಪವಾಡವಲ್ಲ. 65 ದಾಟಿದ, ಮಟ್ಟ 275ಕ್ಕಿಂತ ಕಡಿಮೆಯಿದ್ದ 790 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲೈಂಗಿಕ ಆಸಕ್ತಿ ಸಾಧಾರಣ ಮಟ್ಟಿಗೆ ಸುಧಾರಿಸಿತು, ಸುಸ್ತಿನ ವಿಷಯದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಹೃದಯದ ಅಪಾಯವಿರುವ 5 ಸಾವಿರಕ್ಕೂ ಹೆಚ್ಚು ಗಂಡಸರ ಮೇಲಿನ 2023ರ ಟ್ರಾವರ್ಸ್ ಪ್ರಯೋಗ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ ಎಂದು ಸಮಾಧಾನ ಹೇಳಿತು. ಅದರ ಜೊತೆಗೆ ಹೃದಯದ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಮತ್ತು ಮೂತ್ರಪಿಂಡದ ತೊಂದರೆ ತುಸು ಹೆಚ್ಚು ಕಂಡವು. ಎರಡನ್ನೂ ರೋಗಿಗೆ ಹೇಳಬೇಕು.

ಶುರುಮಾಡುವ ಮುನ್ನ ಹಿಮಟೋಕ್ರಿಟ್ ನೋಡಬೇಕು, 48-50 ದಾಟಿದ್ದರೆ ತಡೆಯಬೇಕು. ಚಿಕಿತ್ಸೆಯ ನಡುವೆ 54 ದಾಟಿದರೆ ನಿಲ್ಲಿಸಿ, ಇಳಿದ ಮೇಲೆ ಕಡಿಮೆ ಡೋಸಿನಲ್ಲಿ ಮುಂದುವರಿಸುವುದು. ಮಧ್ಯವಯಸ್ಸು ದಾಟಿದವರಲ್ಲಿ ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯ ರಕ್ತಪರೀಕ್ಷೆ) ಮತ್ತು ಪ್ರಾಸ್ಟೇಟ್ ಪರೀಕ್ಷೆ ಕೂಡ.

ಮಟ್ಟ ಅಳೆಯುವ ದಿನವೂ ಲೆಕ್ಕದ್ದೇ. ಎರಡು ಮೂರು ವಾರಕ್ಕೊಮ್ಮೆ ಚುಚ್ಚುವ ಎಣ್ಣೆ ಇಂಜೆಕ್ಷನ್‌ಗಳಲ್ಲಿ ಎರಡು ಚುಚ್ಚುಗಳ ನಡುಮಧ್ಯದ ದಿನ ಅಳೆಯಬೇಕು, ಆಗ 350ರಿಂದ 600ರ ನಡುವೆ ಇರಲಿ. ಚುಚ್ಚಿದ ಮಾರನೇ ದಿನ ಅಳೆದು 1,400 ಬಂತೆಂದು ಡೋಸ್ ಇಳಿಸುವುದು, ಮುಂದಿನ ಚುಚ್ಚಿನ ಹಿಂದಿನ ದಿನ ಅಳೆದು 220 ಬಂತೆಂದು ಏರಿಸುವುದು, ಎರಡೂ ತಪ್ಪು. 10ರಿಂದ 14 ವಾರಕ್ಕೊಮ್ಮೆ ಕೊಡುವ 1,000 ಮಿಲಿಗ್ರಾಂ ಟೆಸ್ಟೊಸ್ಟೆರಾನ್ ಅಂಡೆಕನೊಯೇಟ್ ಇಂಜೆಕ್ಷನ್‌ಗೆ ಮಾತ್ರ ಮುಂದಿನ ಚುಚ್ಚಿನ ಸ್ವಲ್ಪ ಮೊದಲು ಅಳೆಯುತ್ತಾರೆ. ಜೆಲ್ ಹಚ್ಚುವವರು ಹಚ್ಚಿದ 2ರಿಂದ 8 ಗಂಟೆಯೊಳಗೆ ರಕ್ತ ಕೊಡಬೇಕು, ಹಚ್ಚಿದ ತೋಳಿನಿಂದ ಮಾತ್ರ ಬೇಡ. ಚರ್ಮದ ಮೇಲಿನ ಜೆಲ್ ಸೂಜಿಗೆ ತಾಗಿದರೆ ಅಂಕಿ ಆಕಾಶಕ್ಕೇರುತ್ತದೆ.

ಮಕ್ಕಳು ಬೇಕೆನ್ನುವವರಿಗೆ ಟೆಸ್ಟೊಸ್ಟೆರಾನ್ ಇಂಜೆಕ್ಷನ್ ಸಲ್ಲದು. ಗಂಡಸುತನ ಹೆಚ್ಚಿಸುವ ಮದ್ದು ಮಕ್ಕಳನ್ನೂ ಕೊಡುತ್ತದೆ ಎಂಬ ನಂಬಿಕೆ ಬಲವಾಗಿದೆ, ನಡೆಯುವುದು ತದ್ವಿರುದ್ಧ: ಎಲ್‌ಎಚ್, ಎಫ್‌ಎಸ್‌ಎಚ್ ನಿಂತು ವೀರ್ಯಾಣುಗಳ ಸಂಖ್ಯೆ ಸೊನ್ನೆಗೆ ಇಳಿಯಬಹುದು. ಗರ್ಭನಿರೋಧಕವಾಗಿ ಇದನ್ನು ಪರೀಕ್ಷಿಸಿದ್ದೂ ಇದೇ ಕಾರಣಕ್ಕೆ. ಪಿಟ್ಯುಟರಿಯ ದೋಷವಿದ್ದು ಸಂತಾನ ಬೇಕಾದವರಿಗೆ ಎಲ್‌ಎಚ್‌ನಂತೆಯೇ ಕೆಲಸ ಮಾಡುವ ಎಚ್‌ಸಿಜಿ, ಎಫ್‌ಎಸ್‌ಎಚ್ ಇಂಜೆಕ್ಷನ್‌ಗಳ ಬೇರೆ ದಾರಿಯಿದೆ. ಈಗಾಗಲೇ ಚುಚ್ಚಿಸಿಕೊಂಡವರು ನಿಲ್ಲಿಸಿದರೆ ಬಹುತೇಕರಿಗೆ ವೀರ್ಯಾಣು ಮರಳುತ್ತದೆ, ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಎರಡು ವರ್ಷ ಹಿಡಿಯುತ್ತದೆ. ಹೊಸ ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕಿರುವುದರಿಂದ ತಿಂಗಳಿಗೊಮ್ಮೆ ವೀರ್ಯ ಪರೀಕ್ಷೆ ಮಾಡಿಸಿ ಎದೆಗುಂದುವುದರಲ್ಲಿ ಪ್ರಯೋಜನವಿಲ್ಲ. ಮೂರು ತಿಂಗಳಿಗೊಮ್ಮೆ ಸಾಕು.